ಸ್ವಂತ ಕ್ಯಾಮೆರಾ ಇಲ್ಲದೆ ಕಾಲೇಜಿನ ಫೋಟೋಗ್ರಫಿ ಪಾಠ ಕಲಿಯಬಹುದೇ?

ಪತ್ರಿಕೋದ್ಯಮ ಪದವಿಗೆ ಸೇರಿದ್ದೀರಿ. ಮೊದಲ ವರ್ಷದಲ್ಲೇ ಫೋಟೋಗ್ರಫಿ ಪತ್ರಿಕೆ ಇದೆ. ಕಾಲೇಜಿನ ಕ್ಯಾಮೆರಾ ವಾರಕ್ಕೊಮ್ಮೆ ಕೈಗೆ ಸಿಗುತ್ತದೆ, ನಿಮ್ಮದೆಂದು ಇರುವುದು ಮೊಬೈಲ್ ಒಂದೇ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಷಟರ್ (ಬೆಳಕು ಒಳಬರುವ ಅವಧಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಲ್ಲವೂ ಬಾಯಿಪಾಠವಾಗಿದ್ದರೂ ಚಿತ್ರ ಸಪ್ಪೆಯಾಗಿಯೇ ಬರುತ್ತದೆ, ಸಾಲ ಮಾಡಿಯಾದರೂ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಪದವಿ ವಿದ್ಯಾರ್ಥಿಗಳಿಗೆ ಇದೇ ಪತ್ರಿಕೆಯನ್ನು ಕಲಿಸುವವನು ನಾನು. ಈ ವರ್ಷ ಕೊಳ್ಳಲೇಬೇಡಿ. ಮೊದಲ ವರ್ಷದವರ ಚಿತ್ರ ಸಪ್ಪೆಯಾಗಲು ಬಹುತೇಕ ಕಾರಣ ಅವರು ನಿಂತ ಜಾಗ. ಅದನ್ನು ತಿದ್ದಿಕೊಳ್ಳಲು ಮೊಬೈಲ್ ಧಾರಾಳವಾಗಿ ಸಾಕು.

ಹತ್ತಿರದ ವಸ್ತು ಎಷ್ಟು ದೊಡ್ಡದಾಗಿ, ಹಿಂದಿನದು ಎಷ್ಟು ಚಿಕ್ಕದಾಗಿ ಕಾಣಬೇಕೆಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ ಇರುವ ದೂರ. ಜೂಮ್ ಮಾಡಿದರೆ ಚೌಕಟ್ಟು ಕಿರಿದಾಗುತ್ತದೆ ಅಷ್ಟೇ, ಈ ಅನುಪಾತ ಬದಲಾಗುವುದಿಲ್ಲ. ನಾಳೆಯೇ ಪರೀಕ್ಷಿಸಿ ನೋಡಿ. ಸಹಪಾಠಿಯೊಬ್ಬರನ್ನು ಕಾಲೇಜು ಕಟ್ಟಡದ ಮುಂದೆ ನಿಲ್ಲಿಸಿ, ಒಂದು ಮೊಳ ದೂರದಿಂದ ಮುಖದ ಚಿತ್ರ ತೆಗೆಯಿರಿ. ಆಮೇಲೆ ಎರಡು ಮೀಟರ್ ಹಿಂದೆ ಸರಿದು, ಮುಖ ಮೊದಲಿನಷ್ಟೇ ದೊಡ್ಡದಾಗಿ ಬರುವಂತೆ ಜೂಮ್ ಮಾಡಿ ಇನ್ನೊಂದು ತೆಗೆಯಿರಿ. ಮೊದಲನೆಯದರಲ್ಲಿ ಮೂಗು ಮುಂದೆ ಬಂದು ಕಿವಿಗಳು ಹಿಂದೆ ಸರಿದಿರುತ್ತವೆ. ಎರಡನೆಯದರಲ್ಲಿ ಮುಖ ನಮಗೆ ಪರಿಚಯವಿರುವ ಮುಖವಾಗಿರುತ್ತದೆ, ಹಿಂದಿನ ಕಟ್ಟಡವೂ ಹತ್ತಿರ ಬಂದಂತೆ ಕಾಣುತ್ತದೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವಿದ್ಯಾರ್ಥಿಗೆ ನಾನು ಪರ್ಸ್‌ಪೆಕ್ಟಿವ್ ಬಗ್ಗೆ ಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ದೂರದಷ್ಟೇ ಮುಖ್ಯವಾದದ್ದು ಎತ್ತರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರ ಚಿತ್ರ ತೆಗೆಯಲು ಹೋದಿರಿ ಎಂದುಕೊಳ್ಳಿ. ನಿಂತ ಕಡೆಯಿಂದಲೇ ನೇರವಾಗಿ ತೆಗೆದರೆ ಅವರ ತಲೆಯ ಹಿಂದೆ ಜನ, ಬಲ್ಬು, ನೇತುಹಾಕಿದ ಚೀಲ, ಪಕ್ಕದ ಅಂಗಡಿಯ ಫಲಕ ಎಲ್ಲವೂ ಮುತ್ತಿಕೊಳ್ಳುತ್ತವೆ. ಒಂದು ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿ, ಸುರುವಿದ ಸೇವಂತಿಗೆಯ ರಾಶಿಯೇ ಹಿನ್ನೆಲೆಯಾಗುತ್ತದೆ. ಬಯಲಿನಲ್ಲಾದರೆ ಇದರ ತಿರುವುಮುರುವು: ಮಂಡಿಯೂರಿ ಕುಳಿತರೆ ಬೇಲಿ, ರಸ್ತೆ, ವಾಹನಗಳೆಲ್ಲ ಕೆಳಗಿಳಿದು ಹಿಂದೆ ಆಕಾಶ ಉಳಿಯುತ್ತದೆ. ಬೇಡದ್ದನ್ನು ಹೊರಗಿಡುವ ಈ ಕೆಲಸಕ್ಕೆ ಯಾವ ಬೆಲೆಬಾಳುವ ಲೆನ್ಸೂ ಬೇಕಿಲ್ಲ. ಅಂದಹಾಗೆ, ಮಾರುವವರನ್ನು ಮೊದಲು ಮಾತನಾಡಿಸಿ, ಒಪ್ಪಿಗೆ ಕೇಳಿ. ಮುಂದೆ ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಇದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಇನ್ನು ಎಲ್ಲರೂ ಮೊದಲು ಹೇಳಿಕೊಡುವ ರೂಲ್ ಆಫ್ ಥರ್ಡ್ಸ್. ಚೌಕಟ್ಟನ್ನು ಅಡ್ಡಲಾಗಿ ಮತ್ತು ಉದ್ದಲಾಗಿ ಮೂರು ಸಮಭಾಗ ಮಾಡಿ, ಮುಖ್ಯವಾದದ್ದನ್ನು ಗೆರೆಗಳ ಮೇಲೆ ಇಡಿ ಎನ್ನುವ ಈ ನಿಯಮಕ್ಕೆ ಆ ಹೆಸರು ಕೊಟ್ಟು 1797ರಲ್ಲಿ ಬರೆದವರು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ. ಅವರು ಹೇಳುತ್ತಿದ್ದುದು ಭೂದೃಶ್ಯದ ವರ್ಣಚಿತ್ರಗಳ ಬಗ್ಗೆ. ಛಾಯಾಗ್ರಹಣ ಜಗತ್ತಿನ ಮುಂದೆ ಬಂದದ್ದು 1839ರಲ್ಲಿ. ಮೊಬೈಲಿನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಟ್ಟುಕೊಳ್ಳಿ, ಕೆರೆಯ ನೀರು ಒಂದು ಕಡೆಗೆ ವಾಲದಂತೆ ನೋಡಿಕೊಳ್ಳಲು ಅವು ಬಹಳ ಉಪಯೋಗಿ. ಆದರೆ ಎದುರಿನಿಂದ ಕಾಣುವ ಗೋಪುರವನ್ನು ಗೆರೆಯ ಮೇಲೆ ಕೂರಿಸಲು ಹೆಣಗಬೇಡಿ, ಅದರ ಜಾಗ ನಡುಮಧ್ಯ. ಈ ನಿಯಮಕ್ಕಿಂತ ನಾನು ಒತ್ತಿ ಹೇಳುವುದು ಅಂಚುಗಳನ್ನು. ಗುಂಡಿ ಒತ್ತುವ ಮುನ್ನ ಚೌಕಟ್ಟಿನ ನಾಲ್ಕೂ ಅಂಚಿನಲ್ಲಿ ಕಣ್ಣಾಡಿಸಿ: ಅರ್ಧ ತುಂಡಾದ ಕೈ, ತಲೆಯಿಂದ ಎದ್ದಂತಿರುವ ಕಂಬ, ಮೂಲೆಯಲ್ಲಿ ಇಣುಕುವ ಪ್ಲಾಸ್ಟಿಕ್ ಬಕೆಟ್. ಕಂಡರೆ ಒಂದು ಹೆಜ್ಜೆ ಸರಿಯಿರಿ.

ಬೆಳಕಿನ ಪಾಠಕ್ಕೆ ಬೇಲೂರು, ಹಳೇಬೀಡಿಗಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ. ಎರಡೂ ದೇವಾಲಯಗಳು ಪೂರ್ವಾಭಿಮುಖ, ಸುತ್ತಲೂ ಜಗತಿ ಎಂಬ ಎತ್ತರದ ಕಟ್ಟೆಯ ಮೇಲೆ ನಡೆದಾಡಬಹುದು. ಬಿಸಿಲು ಗೋಡೆಗೆ ನೇರವಾಗಿ ಬಡಿದಾಗ ಬಳಪದ ಕಲ್ಲಿನ ಕೆತ್ತನೆ ಚಪ್ಪಟೆಯಾಗುತ್ತದೆ. ಅದೇ ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಂದಾಗ ಆನೆಯ ಸಾಲು, ಬಳ್ಳಿ, ಒಡವೆಯ ಒಂದೊಂದು ಮಣಿಯೂ ನೆರಳು ಬಿಟ್ಟು ಎದ್ದು ನಿಲ್ಲುತ್ತದೆ. ಒಂದೇ ಶಿಲ್ಪವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಿರಿ. ಅಲ್ಲಿಯೇ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ಎದುರಿಗೆ ಇರುವುದೆಲ್ಲವೂ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಕಪ್ಪು ಕಲ್ಲು ಚೌಕಟ್ಟು ತುಂಬಿದರೆ ಚಿತ್ರ ಅಗತ್ಯಕ್ಕಿಂತ ಬೆಳ್ಳಗಾಗುತ್ತದೆ, ಬಿಳಿ ಪಂಚೆ ತುಂಬಿದರೆ ಮಂಕಾಗುತ್ತದೆ. ಕಲ್ಲಿಗೆ ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ಇಳಿಸಿ, ಪಂಚೆಗೆ ಏರಿಸಿ. ಮೊಬೈಲಿನಲ್ಲಿ ಪರದೆಯನ್ನು ಮುಟ್ಟಿದಾಗ ಬರುವ ಸೂರ್ಯನ ಗುರುತನ್ನು ಸರಿಸಿದರೂ ಇದೇ ಆಗುತ್ತದೆ.

ಲ್ಯಾಬಿನಲ್ಲಿ ಕ್ಯಾಮೆರಾ ಸಿಗುವ ದಿನವನ್ನು ಮೊಬೈಲಿನಿಂದ ಆಗದ ಅಭ್ಯಾಸಕ್ಕೆ ಮೀಸಲಿಡಿ. ಅಪರ್ಚರ್, ಷಟರ್ ಎರಡನ್ನೂ ನೀವೇ ಹೊಂದಿಸುವ ಮ್ಯಾನುಯಲ್‌ಗೆ ಹಾಕಿ, ಐಎಸ್‌ಒ ಬದಲಿಸದೆ ಒಂದೇ ಗಿಡವನ್ನು ಎಫ್/5.6 ಮತ್ತು 1/250, ಎಫ್/8 ಮತ್ತು 1/125, ಎಫ್/16 ಮತ್ತು 1/30 ಸೆಕೆಂಡಿನಲ್ಲಿ ತೆಗೆಯಿರಿ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು, ಅದಕ್ಕೆ ತಕ್ಕಂತೆ ಷಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಹಾಗಾಗಿ ಒಳಬರುವ ಬೆಳಕು ಮೂರರಲ್ಲೂ ಒಂದೇ, ಹಿನ್ನೆಲೆಯ ಮಸುಕು ಮಾತ್ರ ಬೇರೆ. ಕೊನೆಯದಕ್ಕೆ ಟ್ರೈಪಾಡ್ ಬಳಸಿ, ಇಲ್ಲದಿದ್ದರೆ ಕೈ ಅಲುಗಿದ್ದು ಚಿತ್ರದಲ್ಲಿ ಮೂಡುತ್ತದೆ. ಆಮೇಲೆ ಗೇಟಿನ ಬಳಿ ಹೋಗಿ, ಸಾಗುವ ಸೈಕಲ್ಲಿನ ಜೊತೆಗೇ 1/30ರಲ್ಲಿ ಕ್ಯಾಮೆರಾ ತಿರುಗಿಸುತ್ತಾ ತೆಗೆಯಿರಿ. ಸವಾರ ಸ್ಪಷ್ಟವಾಗಿ, ರಸ್ತೆ ಗೆರೆಗೆರೆಯಾಗಿ ಬರುವವರೆಗೆ ಬಿಡಬೇಡಿ.

ನೋಡುವುದಕ್ಕೂ ಸಮಯ ಕೊಡಿ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಮಕ್ಕಳ ಚಿತ್ರಗಳನ್ನು ಹುಡುಕಿ ನೋಡಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ವಿಶ್ವಸಂಸ್ಥೆಯಲ್ಲೇ ಪ್ರದರ್ಶನಗೊಂಡಿದ್ದವು. ಪ್ರತಿ ಚಿತ್ರದ ಮುಂದೆಯೂ ಕೇಳಿಕೊಳ್ಳಿ: ಛಾಯಾಗ್ರಾಹಕರು ಎಲ್ಲಿ, ಎಷ್ಟು ಎತ್ತರದಲ್ಲಿ ನಿಂತಿದ್ದರು? ಬೆಳಕು ಯಾವ ಕಡೆಯಿಂದ ಬಂತು? ಒಂದು ಹಾಳೆಯಿಂದ ಚಿತ್ರದ ಒಂದು ಭಾಗವನ್ನು ಮುಚ್ಚಿದರೆ ಏನು ಕಳೆದುಹೋಗುತ್ತದೆ?

ಇಷ್ಟೆಲ್ಲ ಆದ ಮೇಲೆ ಮುಂದಿನ ವರ್ಷವೂ ಕ್ಯಾಮೆರಾ ಬೇಕೆನಿಸಿದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಒಂದನ್ನು ಎಫ್/1.8ರ 50 ಮಿ.ಮೀ. ಲೆನ್ಸಿನೊಂದಿಗೆ ಕೊಳ್ಳಿ. ಆ ಲೆನ್ಸಿಗೆ ಜೂಮ್ ಇಲ್ಲದಿರುವುದರಿಂದ ನೀವೇ ನಡೆಯಬೇಕಾಗುತ್ತದೆ, ಅದೇ ನನಗೆ ಬೇಕಾದದ್ದು. ಹಣ ಕೊಡುವ ಮುನ್ನ ಲೆನ್ಸನ್ನು ಬೆಳಕಿಗೆ ಹಿಡಿದು, ಒಳಗಡೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಅದು ಫಂಗಸ್, ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಬೇಗ ಹಿಡಿಯುತ್ತದೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.