ಅಳಿವೆಯಲ್ಲಿ ಒಬ್ಬರೇ ಹಾಯಿ ಬಿಡುವ ಮೊದಲು ಉಬ್ಬರದ ಗಂಟೆ ನೋಡಿ

ಬೇಲೂರಿನ ಸರ್, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಹನ್ನೆರಡು ಅಡಿಯ ಹಾಯಿದೋಣಿ ಇದೆ, ಎರಡು ವರ್ಷ ಗೊರೂರಿನ ಹಿನ್ನೀರಿನಲ್ಲಿ ಕೈ ಪಳಗಿದೆ, ಡಿಸೆಂಬರ್‌ನಲ್ಲಿ ಕರಾವಳಿಯ ಅಳಿವೆಯಲ್ಲಿ (ನದಿ ಕಡಲು ಸೇರುವ ಕಡೆ) ಒಬ್ಬನೇ ಒಂದು ರಾತ್ರಿ ಕಳೆದು ಬರಬೇಕು, ಯಾವ ನದಿ, ಹೇಗೆ ಅಂತ ಕೇಳಿದ್ದೀರಿ. ಕೆಳಗೆ ಒಬ್ಬರು "ದೊಡ್ಡ ಅಲೆ ಇರಲ್ಲ, ಹಿನ್ನೀರಿನ ಥರಾನೇ, ಸುಮ್ನೆ ಹೋಗಿ" ಅಂತ ಬರೆದಿದ್ದಾರೆ. ಆ ಮಾತೊಂದನ್ನು ದಯವಿಟ್ಟು ನಂಬಬೇಡಿ. ನಾನು ಆರು ವರ್ಷದಿಂದ ಸಕಲೇಶಪುರದಿಂದ ದೋಣಿ ಎಳೆದುಕೊಂಡು ಘಾಟಿ ಇಳಿಯುತ್ತಿದ್ದೇನೆ. ಅಳಿವೆ ಹಿನ್ನೀರಿನ ಥರ ಅಲ್ಲ.

ಗೊರೂರಿನಲ್ಲಿ ನಾವು ಗಾಳಿ ಮಾತ್ರ ನೋಡಿದರೆ ಸಾಕು. ನೀರು ನಿಂತಲ್ಲೇ ಇರುತ್ತದೆ. ಅಳಿವೆಯಲ್ಲಿ ಸುಮಾರು ಆರು ಗಂಟೆ ನೀರು ಒಳಕ್ಕೆ ಹರಿಯುತ್ತದೆ, ಆಮೇಲೆ ಆರು ಗಂಟೆ ಹೊರಕ್ಕೆ. ಸಾಧಾರಣ ಗಾಳಿಗೆ ನಮ್ಮ ಸಣ್ಣ ದೋಣಿ ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ, ಅಷ್ಟೇ. ನದಿ ಕಿರಿದಾದ ಕಡೆ ಇಳಿತದ ನೀರೂ ಅಷ್ಟೇ ಜೋರಾಗಿ ಎದುರು ಬಂದರೆ? ಹಾಯಿ ತುಂಬಿರುತ್ತದೆ, ದಡದ ತೆಂಗಿನಮರ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಹೋಗುವುದು ಬರುವುದು ಎರಡನ್ನೂ ನೀರಿನ ಜೊತೆಗೇ ಹೊಂದಿಸಬೇಕು.

ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಬ್ಬರದ ವೇಳೆಯನ್ನೂ ಸಮುದ್ರದ ಮುನ್ಸೂಚನೆಯನ್ನೂ ಕೊಡುತ್ತದೆ, ಫೋನಿನಲ್ಲೇ ಸಿಗುತ್ತದೆ. ಆ ವೇಳೆ ನದಿಬಾಯಿಯದ್ದು. ಒಳಗೆ ಹೋದಷ್ಟೂ ಉಬ್ಬರ ತಡ. ನೀರು ಏರುವುದೂ ಒಂದೇ ಸಮ ಅಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು. ನಡುವಿನ ಎರಡು ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ, ಸೆಳೆತವೂ ಆಗಲೇ ಜಾಸ್ತಿ.

ಈಗ ಗಾಳಿಯನ್ನು ಇದಕ್ಕೆ ಜೋಡಿಸಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಮೂಡಣದಿಂದ ತಣ್ಣನೆ ಗಾಳಿ, ಹನ್ನೊಂದು ಹನ್ನೆರಡರ ಮೇಲೆ ಕಡಲ ಕಡೆಯಿಂದ. ನಾನು ಮಾಡುವುದು ಹೀಗೆ: ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಉಬ್ಬರ ತುಂಬುವ ದಿನ ಹುಡುಕುತ್ತೇನೆ. ಸಾಮಾನ್ಯವಾಗಿ ಅಷ್ಟಮಿಯ ಹತ್ತಿರ ಸಿಗುತ್ತದೆ, ಆಗ ಸೆಳೆತವೂ ಕಡಿಮೆ. ಹನ್ನೊಂದಕ್ಕೆ ದೋಣಿ ಇಳಿಸಿದರೆ ಏರುವ ನೀರು, ಕಡಲ ಗಾಳಿ ಎರಡೂ ಬೆನ್ನಿಗೆ. ಆರಾಮಾಗಿ ಒಳಕ್ಕೆ ಹೋಗುತ್ತೀರಿ. ಮರುದಿನದ ಉಬ್ಬರ ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಬೆಳಕು ಹರಿಯುವಾಗ ನೀರು ಇಳಿಯುತ್ತಿರುತ್ತದೆ, ಮೂಡಣ ಗಾಳಿಯೂ ಇರುತ್ತದೆ, ಅದೇ ನಿಮ್ಮನ್ನು ವಾಪಸ್ ತರುತ್ತದೆ. ಮಂಜು ಏಳುವ ನೀರಿನ ಮೇಲೆ ಸದ್ದಿಲ್ಲದೆ ಜಾರುವ ಆ ಎರಡು ಗಂಟೆಗಾಗಿಯೇ ನಾನು ಪ್ರತಿ ವರ್ಷ ಹೋಗುವುದು.

ಇದರ ಉಲ್ಟಾ ಆದರೆ ಕಷ್ಟ. ಮಧ್ಯಾಹ್ನ ಇಳಿತದ ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ. ಎರಡೂ ಎದುರುಬದುರಾದರೆ ನದಿಬಾಯಿಯಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಅಲ್ಲಿನ ಮರಳು ದಿಬ್ಬದ ಮೇಲೆ ಅದು ಒಡೆಯುತ್ತದೆ. ಒಬ್ಬರೇ ಇದ್ದಾಗ ನದಿಬಾಯಿಯಿಂದ ಕನಿಷ್ಠ ಒಂದು ಕಿಲೋಮೀಟರ್ ಒಳಗೇ ಇರಿ. ಕಡಲಿಗೆ ಹೋಗುವ ಯೋಚನೆ ಈ ಸಲ ಬೇಡ.

ಮರಳು ದಿಬ್ಬದ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಎರಡನೇ ವರ್ಷ, ಉತ್ತರ ಕನ್ನಡದ ಅಘನಾಶಿನಿ ನದಿಯಲ್ಲಿ, ಉಬ್ಬರ ತುಂಬಿ ಒಂದು ಗಂಟೆ ಆಗಿತ್ತು. ಹತ್ತಿರದ ದಾರಿ ಅಂತ ದಿಬ್ಬದ ಮೇಲೆ ಹಾಯಿಸಿದೆ. ತಳ ಉಜ್ಜಿತು. ಸೆಂಟರ್‌ಬೋರ್ಡ್ (ತಳದಿಂದ ನೀರಿಗಿಳಿಸುವ ಹಲಗೆ) ಎತ್ತಿ, ಹುಟ್ಟಿನಿಂದ ಒತ್ತುವಷ್ಟರಲ್ಲಿ ನೀರು ಇನ್ನೂ ಇಳಿದಿತ್ತು. ಅರ್ಧ ಗಂಟೆಯಲ್ಲಿ ದೋಣಿ ಮಗ್ಗುಲಾಯಿತು. ಬಳಚು ಆರಿಸಲು ಬಂದ ಹೆಂಗಸರು ದೂರದಿಂದಲೇ ಕೂಗಿ, ಕೆಸರಿಗೆ ಇಳಿಯಬೇಡಿ, ರಾತ್ರಿ ಭರತ (ಉಬ್ಬರ) ಬಂದಾಗ ತೇಲುತ್ತದೆ ಅಂದರು. ಕತ್ತಲಲ್ಲಿ ಕೂತಿದ್ದೆ. ನೀರು ಬಂತು, ಆದರೆ ಮಧ್ಯಾಹ್ನದಷ್ಟು ಬರಲಿಲ್ಲ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರ ಒಂದೇ ಎತ್ತರ ಇರುವುದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಬಿಡುಗಡೆ ಆಗಿದ್ದು ಮರುದಿನ ಮಧ್ಯಾಹ್ನ. ದಿಬ್ಬಗಳ ನಡುವೆ ಹೋಗುವುದಾದರೆ ನೀರು ಏರುತ್ತಿರುವಾಗ ಮಾತ್ರ ಹೋಗಿ. ಆಗ ಸಿಕ್ಕಿಕೊಂಡರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತುತ್ತದೆ.

ನದಿ ಯಾವುದು? ನೇತ್ರಾವತಿ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಹುಟ್ಟುವುದು, ಶಿರಾಡಿಯ ನೀರೂ ಅದಕ್ಕೇ ಸೇರುವುದು, ಅಲ್ಲಿಗೇ ಹೋಗಬೇಕು ಅನ್ನಿಸುತ್ತದೆ ಅಲ್ವಾ. ಆದರೆ ಮಂಗಳೂರಿನ ಅಳಿವೆಯಲ್ಲಿ ಮೀನುಗಾರಿಕೆ ಬೋಟುಗಳ ಓಡಾಟ ತುಂಬಾ. ಶರಾವತಿ ಚೆಂದ, ಆದರೆ ಮೇಲಿನ ವಿದ್ಯುತ್ ಕೇಂದ್ರಗಳು ಬಿಡುವ ನೀರು ಲೆಕ್ಕ ತಪ್ಪಿಸುತ್ತದೆ. ಮೊದಲ ಸಲಕ್ಕೆ ಸೀತಾ, ಸ್ವರ್ಣಾ ನದಿಗಳು ಸೇರುವ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಒಳಭಾಗವೇ ಸರಿ. ಎರಡೂ ದಡದಲ್ಲಿ ಊರು, ಕೂಗಿದರೆ ಕೇಳುತ್ತದೆ. ಅಘನಾಶಿನಿ ಮುಂದಿನ ವರ್ಷಕ್ಕಿರಲಿ. ಅದಕ್ಕೆ ದೊಡ್ಡ ಅಣೆಕಟ್ಟು ಇಲ್ಲ, ಅಗಲ ಜಾಸ್ತಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಕ್ಕಿಗಳೋ ಹಕ್ಕಿಗಳು. ಎಲ್ಲಿ ಹೋದರೂ ಸೇತುವೆ ಮತ್ತು ನದಿ ದಾಟುವ ವಿದ್ಯುತ್ ತಂತಿ ಮೊದಲೇ ನೋಡಿಕೊಳ್ಳಿ. ಉಬ್ಬರದಲ್ಲಿ ಸೇತುವೆಯ ಕೆಳಗೆ ಜಾಗ ಕಡಿಮೆ. ಅಲ್ಯೂಮಿನಿಯಂ ಕೂವೆಮರ (ಹಾಯಿ ಕಟ್ಟುವ ಕಂಬ) ತಂತಿಗೆ ತಾಗಿದರೆ ಮುಗಿಯಿತು. ಗೂಟದ ಬಲೆ, ಮೀನಿನ ಪಂಜರದಿಂದ ದೂರ ಇರಿ, ಅದು ಇನ್ನೊಬ್ಬರ ಅನ್ನ.

ರಾತ್ರಿ ಲಂಗರು ಹಾಕುವಾಗ ಆಗಿನ ಆಳ ನೋಡಬೇಡಿ. ಉಬ್ಬರದಲ್ಲಿ ಎಷ್ಟು ಆಳ ಆಗುತ್ತದೋ ಅದರ ಐದು ಪಟ್ಟು ಹಗ್ಗ ಬಿಡಿ. ನೀರು ತಿರುಗಿದಾಗ ದೋಣಿಯೂ ಪೂರ್ತಿ ತಿರುಗುತ್ತದೆ, ಸುತ್ತ ಜಾಗ ಇರಲಿ. ಬೋಟು ಓಡಾಡುವ ದಾರಿ ಬಿಟ್ಟು ನಿಲ್ಲಿಸಿ, ಬಿಳಿ ದೀಪ ಉರಿಸಿ. ಬೆಳಗಿನ ಜಾವ ಮೂರಕ್ಕೇ ಮೀನುಗಾರರು ಹೊರಡುತ್ತಾರೆ. ಇಬ್ಬನಿ ಮಳೆ ಹನಿದಂತೆ ಸುರಿಯುತ್ತದೆ, ಮೇಲೊಂದು ಟಾರ್ಪಾಲು ಬೇಕೇ ಬೇಕು.

ಲೈಫ್ ಜಾಕೆಟ್ ಮೈಮೇಲೇ ಇರಲಿ. ದೋಣಿಗೂ ನಿಮಗೂ ಒಂದು ಹಗ್ಗ ಇರಲಿ, ನೀವು ಬಿದ್ದರೂ ದೋಣಿ ಬಿಟ್ಟು ಹೋಗಬಾರದು. ಮಗುಚಿದ ದೋಣಿಯನ್ನು ಒಬ್ಬರೇ ಎತ್ತಿ ಹತ್ತುವುದನ್ನು ಈಗಲೇ ಗೊರೂರಿನಲ್ಲಿ ಹತ್ತು ಸಲ ಮಾಡಿ. ಅದು ಬರುವವರೆಗೂ ಹೊರಡಬೇಡಿ. ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಮೊದಲೇ ತಿಳಿಸಿ. ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554. ಮನೆಯವರಿಗೆ ವಾಪಸ್ ಬರುವ ಗಂಟೆ ಬರೆದುಕೊಡಿ.

ಇನ್ನೊಂದು, ಘಾಟಿಯವರಾದ ನಮಗೇ ಬೇಕಾದದ್ದು. ಶಿರಾಡಿ ಇಳಿದ ಮೇಲೆ ಟ್ರೈಲರ್ ಚಕ್ರದ ಹಬ್ ಕಾದಿರುತ್ತದೆ. ಹಾಗೇ ನೀರಿಗಿಳಿಸಿದರೆ ಒಮ್ಮೆಗೇ ತಣಿದು ಉಪ್ಪುನೀರನ್ನು ಬೇರಿಂಗ್ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಗಂಟೆ ನಿಲ್ಲಿಸಿ, ಕೈ ಇಟ್ಟು ನೋಡಿ, ಆಮೇಲೆ ಇಳಿಸಿ. ವಾಪಸ್ ಬಂದ ದಿನವೇ ಟ್ರೈಲರ್, ದೋಣಿ, ಹಗ್ಗ ಎಲ್ಲಾ ಸಿಹಿನೀರಲ್ಲಿ ತೊಳೆದು ಗ್ರೀಸ್ ಹಾಕಿ.

ದಿನ ಗೊತ್ತುಮಾಡಿದ ಮೇಲೆ ಇಲ್ಲೇ ಹಾಕಿ, ಉಬ್ಬರದ ವೇಳೆ ಇಬ್ಬರೂ ಕೂತು ನೋಡೋಣ. ಆ ವಾರ ನನಗೆ ಕಾಫಿ ಕೊಯ್ಲಿನ ಕೆಲಸ ಇಲ್ಲದಿದ್ದರೆ ಕೋಡಿ ಬೆಂಗ್ರೆ ಹತ್ತಿರದ ಹಂಗಾರಕಟ್ಟೆಯ ದಡದಲ್ಲಿ ನಾನೂ ಇರುತ್ತೇನೆ.