ದೃಷ್ಟಿ ಹೋದ ಮೇಲೂ ಸ್ಟೇಡಿಯಂಗೆ ಹೋಗಬೇಕಾ?

ಕಣ್ಣು ಮಂಜಾಗುತ್ತಾ ಬಂದಿದೆ, ಇನ್ನು ಸ್ಟೇಡಿಯಂಗೆ ಹೋಗಿ ಏನು ಮಾಡುವುದು, ಮನೆಯಲ್ಲೇ ಟಿವಿ ಕೇಳಿಕೊಂಡು ಇರುವುದು ವಾಸಿ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡು ಬಹಳ ಕಾಲ ಮನೆಯಲ್ಲೇ ಕೂತಿದ್ದೆ.

ದೃಷ್ಟಿ ಪೂರ್ತಿ ಹೋದ ಮೇಲೆ ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಕಾಮೆಂಟ್ರಿಗೆ ಫೋನನ್ನೇ ನಂಬಿದ್ದೆ. ಎರಡೂ ಕಿವಿಗೆ ಇಯರ್‌ಫೋನ್, ಇಂಟರ್ನೆಟ್‌ನಲ್ಲಿ ನೇರ ಪ್ರಸಾರ. ಅಲ್ಲೇ ಎಲ್ಲ ಕೆಟ್ಟಿತು. ನೇರ ಅನ್ನುವುದು ಹೆಸರಿಗಷ್ಟೇ. ಧ್ವನಿಯನ್ನು ತುಂಡು ತುಂಡಾಗಿ ಕಳಿಸುತ್ತಾರೆ. ಮಧ್ಯೆ ಕಡಿದು ಹೋಗದಿರಲಿ ಅಂತ ಫೋನ್ ಒಂದಷ್ಟು ತುಂಡುಗಳನ್ನು ಕೂಡಿಟ್ಟುಕೊಂಡು ಆಮೇಲೆ ಕೇಳಿಸುತ್ತದೆ. ಅರ್ಧ ನಿಮಿಷ ತಡವಾಗುವುದು ಮಾಮೂಲು. ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಸ್ಟೇಡಿಯಂನಲ್ಲಿ ಪ್ರಾಣ ಹಿಂಡುತ್ತದೆ. ಸುತ್ತಲೂ ಜನ ಎದ್ದು ಕೂಗುತ್ತಿದ್ದಾರೆ, ನನ್ನ ಕಿವಿಯಲ್ಲಿ ಚೆಂಡು ಇನ್ನೂ ಮಧ್ಯದ ಗೆರೆಯನ್ನೇ ದಾಟಿಲ್ಲ! ಗೋಲಾಯಿತು ಅಂತ ಗೊತ್ತು, ಹೊಡೆದವರು ಯಾರು ಅಂತ ಗೊತ್ತಿಲ್ಲ. ಕಾಮೆಂಟ್ರಿಯಲ್ಲಿ ಗೋಲು ಬರುವಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ಗದ್ದಲದಿಂದ ಹೀಗಾಗುತ್ತಿದೆ ಅಂದುಕೊಂಡು ಹೊರಗಿನ ಶಬ್ದ ತಡೆಯುವ ಗುಂಡಿಯನ್ನೂ ಒತ್ತಿದೆ. ಯಾವುದನ್ನು ಕೇಳಲು ಬಂದಿದ್ದೆನೋ ಅದನ್ನೇ ಮುಚ್ಚಿಕೊಂಡ ಹಾಗಾಯಿತು. ಇದೆಲ್ಲ ಕಣ್ಣಿದ್ದವರಿಗೇ ಸರಿ ಅಂತ ತೀರ್ಮಾನಿಸಿ ಹೋಗುವುದನ್ನೇ ಬಿಟ್ಟೆ. ತಪ್ಪು ನನ್ನ ಕಣ್ಣಿನದಲ್ಲ, ತಡವಾಗಿ ಬರುತ್ತಿದ್ದ ಕಾಮೆಂಟ್ರಿಯದು ಅನ್ನುವುದು ಆಗ ಹೊಳೆಯಲೇ ಇಲ್ಲ.

ಗೆಳೆಯನೊಬ್ಬ ಒತ್ತಾಯ ಮಾಡಿ ಅಂಧರ ಫುಟ್‌ಬಾಲ್‌ಗೆ ಕರೆದುಕೊಂಡು ಹೋದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. 2004ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಇರುವ ಆಟ ಇದು, ಮೊದಲ 5 ಸಲವೂ ಚಿನ್ನ ಬ್ರೆಜಿಲ್‌ಗೇ. ಚೆಂಡಿನೊಳಗೆ ಗಿಲಕಿ ಇರುತ್ತದೆ. ಚೆಂಡಿಗೆ ನುಗ್ಗುವವರು 'ವೊಯ್' ಅಂತ ಕೂಗಲೇಬೇಕು. ಆಟ ನಡೆಯುವಾಗ ಪ್ರೇಕ್ಷಕರು ಸದ್ದು ಮಾಡುವಂತಿಲ್ಲ. ಗಿಲಕಿ ಎಡಕ್ಕೆ ಓಡಿತು, ಎರಡು 'ವೊಯ್' ಅದರ ಹಿಂದೆ ಬಿದ್ದವು, ಗಿಲಕಿ ತಟ್ಟನೆ ಒಳಕ್ಕೆ ತಿರುಗಿತು. ಅಷ್ಟೂ ನನಗೆ ಯಾರೂ ಹೇಳಿಕೊಡದೆ ತಿಳಿಯಿತು. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಹಾಗಾಗಿ ಟಿವಿಯಾ ಸ್ಟೇಡಿಯಮ್ಮಾ ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಟಿವಿ ಕಾಮೆಂಟ್ರಿ ನೋಡುವವರಿಗಾಗಿ ಮಾಡಿದ್ದು. ಚೆಂಡು ಎಲ್ಲಿದೆ ಅಂತ ಅದರಲ್ಲಿ ಹೇಳುವುದೇ ಕಡಿಮೆ. ರೇಡಿಯೋದವರು ಎಡಗಡೆಯಾ, ಬಲಗಡೆಯಾ, ಗೋಲಿಗೆ ಎಷ್ಟು ದೂರ ಎಲ್ಲವನ್ನೂ ಹೇಳುತ್ತಾರೆ. 2022ರ ಕತಾರ್ ವಿಶ್ವಕಪ್‌ನಲ್ಲಿ ದೃಷ್ಟಿ ಇಲ್ಲದವರಿಗೆಂದೇ ಬೇರೆ ಕಾಮೆಂಟ್ರಿ ಇತ್ತು. ಯಾವುದಾದರೂ ಸರಿ, ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಮೈದಾನಕ್ಕೆ. ಸೀಟು ಆದಷ್ಟು ಕೆಳಗೆ, ಗೆರೆಯ ಹತ್ತಿರ ತಗೊಳ್ಳಿ. ಮೇಲೆ ಕೂತರೆ ಬರೀ ಜನರ ಗಲಾಟೆ, ಒದೆತದ ಸದ್ದು ಸಿಗುವುದಿಲ್ಲ. ಟೆನಿಸ್ ಆದರೆ ಇನ್ನೂ ಸುಲಭ, ಪಾಯಿಂಟ್ ನಡೆಯುವಾಗ ಜನ ತಾವಾಗಿಯೇ ಸುಮ್ಮನಿರುತ್ತಾರೆ.

ಟಿಕೆಟ್ ತೆಗೆಯುವ ಮುಂಚೆ ಸ್ಟೇಡಿಯಂಗೆ ಫೋನ್ ಮಾಡಿ, ಕಾಮೆಂಟ್ರಿ ರೇಡಿಯೋದಲ್ಲಿ ಬರುತ್ತಾ ಇಂಟರ್ನೆಟ್‌ನಲ್ಲಾ ಅಂತ ಕೇಳಿ. ಇಂಟರ್ನೆಟ್ ಅಂದರೆ ಬಿಟ್ಟುಬಿಡಿ, ಪಕ್ಕದಲ್ಲಿ ಕೂತು ಬಾಯಿ ತುಂಬ ಮಾತಾಡುವ ಗೆಳೆಯರನ್ನೇ ಕರೆದುಕೊಂಡು ಹೋಗಿ.