ಒಂದು ಚಮಚ ಮಣ್ಣಿನಿಂದ ನೆಟೆ ರೋಗ ಗೊತ್ತಾಗುತ್ತದಾ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ. ಹೋದ ವರ್ಷ ನಮ್ಮ ತೊಗರಿ ಹೊಲ ಅರ್ಧದಷ್ಟು ನೆಟೆ ರೋಗದಿಂದ ಒಣಗಿಹೋಯಿತು. ಅಲ್ಲಲ್ಲಿ ಹೂವೇ ಬಿಡದ ಗೊಡ್ಡು ಗಿಡಗಳೂ ಇದ್ದವು. ಈಚೆಗೆ ಸಂಶೋಧನೆಗೆಂದು ಬಂದವರು ಸಣ್ಣ ಟ್ಯೂಬಿನಲ್ಲಿ ಮಣ್ಣು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಅದರ ಡಿಎನ್‌ಎ ಓದುತ್ತಾರಂತೆ. ಅಷ್ಟು ಮಣ್ಣಿನಿಂದ ಎರಡೂ ರೋಗ ಗೊತ್ತಾಗುತ್ತವಾ? ನನಗೇನು ಉಪಯೋಗ?

ಉತ್ತರ: ನೆಟೆ ರೋಗದ ಸುಳಿವು ಆ ಮಣ್ಣಿನಲ್ಲಿ ಸಿಗಬಹುದು. ಗೊಡ್ಡು ರೋಗದ್ದು ಸಿಗುವುದಿಲ್ಲ. ಯಾಕೆಂದರೆ ಅದು ಮಣ್ಣಿನ ರೋಗವೇ ಅಲ್ಲ.

ಮೊದಲು ಮಣ್ಣಿನ ವಿಷಯ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ, ಸಾವಿರಾರು ಬಗೆಯವು. ಮೊದಲೆಲ್ಲ ಅವುಗಳನ್ನು ನೋಡಬೇಕೆಂದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಬೇಕಿತ್ತು. ಆದರೆ ಹಾಗೆ ಬೆಳೆಯುವುದು ನೂರರಲ್ಲಿ ಹೆಚ್ಚುಕಡಿಮೆ ಒಂದು. ಉಳಿದವಕ್ಕೆ ನಾವು ಕೊಡುವ ಊಟ, ಬಿಸಿ, ಗಾಳಿ ಯಾವುದೂ ಒಗ್ಗುವುದಿಲ್ಲ. ಈಗ ಬೆಳೆಸುವ ಗೋಜಿಗೇ ಹೋಗದೆ, ಮಣ್ಣಿನಲ್ಲಿರುವ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ಬೇರ್ಪಡಿಸಿ ಯಂತ್ರದಲ್ಲಿ ಓದುತ್ತಾರೆ. ಇಂಥ ಒಟ್ಟು ರಾಶಿಗೆ ಅಮೆರಿಕದ ಜೋ ಹ್ಯಾಂಡೆಲ್ಸ್‌ಮನ್ ಮತ್ತು ಜೊತೆಗಾರರು 1998ರಲ್ಲಿ ಇಟ್ಟ ಹೆಸರು ಮೆಟಾಜೀನೋಮ್. ಓದಿದ ತುಣುಕುಗಳನ್ನು ಈಗಾಗಲೇ ಗೊತ್ತಿರುವ ಜೀವಿಗಳ ಡಿಎನ್‌ಎ ಜೊತೆ ಕಂಪ್ಯೂಟರ್ ಹೋಲಿಸಿ ನೋಡುತ್ತದೆ. ಯಾವುದಕ್ಕೂ ಹೋಲದ ತುಣುಕುಗಳು ಬೇಕಾದಷ್ಟು ಉಳಿಯುತ್ತವೆ. ನಿಮ್ಮ ಹೊಲದಲ್ಲಿ ಇನ್ನೂ ಹೆಸರಿಡದ ಜೀವಿಗಳಿವೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಐಸ್ ಯಾಕೆಂದರೆ, ದಾರಿಯಲ್ಲಿ ಬಿಸಿಯಾದರೆ ಕೆಲವು ಜೀವಿಗಳು ಹೆಚ್ಚುತ್ತವೆ, ಕೆಲವು ಸಾಯುತ್ತವೆ. ಆಗ ಲ್ಯಾಬಿನವರು ಓದುವುದು ನಿಮ್ಮ ಹೊಲವನ್ನಲ್ಲ, ಪೆಟ್ಟಿಗೆಯನ್ನು.

ನೆಟೆ ರೋಗ ತರುವುದು ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ. ಒಣಗಿದ ಗಿಡದ ಬೇರು, ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಇಲ್ಲೊಂದು ತೊಡಕಿದೆ. ಫ್ಯುಸೇರಿಯಂ ಕುಟುಂಬ ದೊಡ್ಡದು. ಕೊಳೆತದ್ದನ್ನು ತಿಂದು ಸುಮ್ನೆ ಬದುಕುವವೂ ಅದರಲ್ಲಿವೆ. ಶಿಲೀಂಧ್ರಗಳನ್ನು ಗುರುತಿಸಲು ಸಾಮಾನ್ಯವಾಗಿ ಓದುವ ಐಟಿಎಸ್ ಎಂಬ ಡಿಎನ್‌ಎ ಭಾಗ ಇವುಗಳನ್ನು ಒಂದರಿಂದೊಂದು ಸರಿಯಾಗಿ ಬೇರ್ಪಡಿಸುವುದಿಲ್ಲ. ಅದಕ್ಕೆ ಇನ್ನೊಂದು ಜೀನ್ ಕೂಡ ನೋಡಬೇಕಾಗುತ್ತದೆ. ಹಾಗಾಗಿ ವರದಿಯಲ್ಲಿ ಬರೀ ‘ಫ್ಯುಸೇರಿಯಂ ಇದೆ’ ಎಂದಿದ್ದರೆ ಗಾಬರಿಯಾಗಬೇಡಿ. ‘ಉಡಂ ಹೌದಾ?’ ಎಂದು ಕೇಳಿ. ಇನ್ನೊಂದು ಮಾತು. ಸತ್ತ ಜೀವಿಯ ಡಿಎನ್‌ಎಯೂ ಮಣ್ಣಿನಲ್ಲಿ ಉಳಿದಿರುತ್ತದೆ, ಯಂತ್ರ ಅದನ್ನೂ ಓದುತ್ತದೆ. ಯಾರಿದ್ದಾರೆ ಎಂದು ತಿಳಿಯುತ್ತದೆ, ಅವರು ಈಗ ಏನು ಮಾಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ.

ಇನ್ನು ಗೊಡ್ಡು ರೋಗ. ಇದರ ಕಥೆ ಹೇಳಲೇಬೇಕು. 1931ರಲ್ಲೇ ಬಿಹಾರದ ಪೂಸಾದಲ್ಲಿ ಈ ರೋಗ ಕಂಡಿದ್ದು ದಾಖಲಾಗಿದೆ. ಗಿಡದಿಂದ ಗಿಡಕ್ಕೆ ಹಬ್ಬಿಸುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಎಂದೂ ಆಮೇಲೆ ಗೊತ್ತಾಯಿತು. ಗಾಳಿಯೇ ಅದರ ಬಂಡಿ. ಆದರೆ ಆ ನುಸಿ ಹೊತ್ತು ತರುವುದು ಏನನ್ನು ಎಂಬುದು ದಶಕಗಟ್ಟಲೆ ಸಿಗಲೇ ಇಲ್ಲ. ಗಿಡದ ರಸದಿಂದ ಬೇರ್ಪಡಿಸಲು ಅದು ಅಷ್ಟು ಕಷ್ಟದ ವೈರಸ್. ಕೊನೆಗೆ 2000ದ ಹೊತ್ತಿಗೆ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು ಸ್ಕಾಟ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಅದನ್ನು ಹಿಡಿದರು. ಸುಮಾರು 70 ವರ್ಷ! ಮುಂದೆ ಅದರ ಜೀನೋಮ್, ಅಂದರೆ ಇಡೀ ಆನುವಂಶಿಕ ಮಾಹಿತಿ, ಓದಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಒಂದೇ ವೈರಸ್ ಎಂದುಕೊಂಡದ್ದು ಎರಡು ವೈರಸ್‌ಗಳಾಗಿದ್ದವು.

ಊರಿಂದ ಊರಿಗೆ ರೋಗದ ಉಗ್ರತೆಯೂ ಬೇರೆ. ಪಟಾನ್‌ಚೆರುವಿನ ಕಡೆ ಸಿಗುವ ವೈರಸ್ ರೂಪಕ್ಕಿಂತ ಬೆಂಗಳೂರಿನ ಕಡೆ ಸಿಗುವ ರೂಪ ಜಾಸ್ತಿ ಉಗ್ರ. ಪಟಾನ್‌ಚೆರುವಿನಲ್ಲಿ ರೋಗ ತಡೆದುಕೊಂಡ ತೊಗರಿ ಬೆಂಗಳೂರಿನಲ್ಲಿ ಸೋತದ್ದುಂಟು. ನಿಮ್ಮ ಹೊಲಕ್ಕೆ ಬಂದಿರುವುದು ಯಾವುದು ಎಂದು ತಿಳಿಯದೆ ತಳಿ ಆರಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ, ಅಲ್ವಾ? ತೊಗರಿಯ ಜೀನೋಮ್ ಕೂಡ 2011ರಲ್ಲೇ ಪ್ರಕಟವಾಗಿದೆ. ಓದಿದ್ದು ‘ಆಶಾ’ ತಳಿಯದ್ದು, ಸುಮಾರು 48,000 ಜೀನ್‌ಗಳು. ರೋಗ ತಡೆಯುವ ಜೀನ್ ಎಲ್ಲಿದೆ ಎಂದು ಹುಡುಕಿ, ಸಸಿಯಾಗಿದ್ದಾಗಲೇ ಆರಿಸಿ ಹೊಸ ತಳಿ ಬೆಳೆಸಲು ಅದು ದೊಡ್ಡ ಆಸರೆ.

ಈಗ ನಿಮ್ಮ ಕೈಯಲ್ಲಾಗುವ ಕೆಲಸ. ಅವರು ಮತ್ತೆ ಬಂದರೆ ನೆಟೆ ಬಿದ್ದ ಜಾಗದ ಮಣ್ಣು ಮಾತ್ರ ಕೊಡಬೇಡಿ. ಪಕ್ಕದಲ್ಲೇ ಹಸಿರಾಗಿ ನಿಂತ ಗಿಡದ ಬುಡದ ಮಣ್ಣನ್ನೂ ಕೊಡಿ. ಎರಡನ್ನೂ ಹೋಲಿಸಿದಾಗಲೇ ಮಣ್ಣು ಮಾತಾಡುವುದು. ಆ ಗಿಡ ಉಳಿದದ್ದು ಅದರ ಬೇರಿನ ಸುತ್ತ ಇರುವ ಯಾವುದೋ ಬ್ಯಾಕ್ಟೀರಿಯಾದಿಂದಲೂ ಇರಬಹುದು. ನನಗೆ ತುಂಬ ಆಸೆ ಹುಟ್ಟಿಸುವ ಹುಡುಕಾಟ ಇದೇ. ಗೊಡ್ಡು ಗಿಡ ಕಂಡರೆ ಎಳೆಯ ಎಲೆ ಕೊಡಿ, ಮಣ್ಣಲ್ಲ. ಗೊಡ್ಡು ರೋಗದ್ದು ಆರ್‌ಎನ್‌ಎ ವೈರಸ್, ಅಂದರೆ ಅದರ ಮಾಹಿತಿ ಇರುವುದು ಡಿಎನ್‌ಎಯಲ್ಲಲ್ಲ, ಅದನ್ನು ಹೋಲುವ ಆರ್‌ಎನ್‌ಎ ಎಂಬ ಅಣುವಿನಲ್ಲಿ. ಹಾಗಾಗಿ ಬರೀ ಡಿಎನ್‌ಎ ಓದಿದರೆ ಕಾಣುವುದಿಲ್ಲ ಎಂಬುದನ್ನೂ ನೆನಪಿಸಿ.

ವರದಿ ಬರಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಕಾಯಬೇಕಿಲ್ಲ. ನೆಟೆ ಬಿದ್ದ ಜಾಗದಲ್ಲಿ ಈ ಸಲ ತೊಗರಿ ಬದಲು ಜೋಳ ಹಾಕಿ. ಉಳಿದ ಕಡೆ ರೋಗ ತಡೆಯುವ ತಳಿಯ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಹಚ್ಚಿ ಬಿತ್ತಿ. ಗೊಡ್ಡು ಗಿಡ ಕಂಡ ದಿನವೇ ಕಿತ್ತು ಸುಟ್ಟುಬಿಡಿ.